ಎಚ್‌ಪಿ 1020, ಕ್ಯಾನನ್ 2900, ಬ್ರದರ್: ಲಿನಕ್ಸ್‌ನಲ್ಲಿ ಕಂಪನಿ ಡ್ರೈವರ್ ಸಾಕೋ, ಓಪನ್ ಸೋರ್ಸ್ ಡ್ರೈವರ್ ಬೇಕೋ?

ಮೈಸೂರಿನ ಮಾನಸಗಂಗೋತ್ರಿ ಸುತ್ತಮುತ್ತಲ ಜೆರಾಕ್ಸ್ ಅಂಗಡಿಯಾಗಲಿ, ಮಂಡ್ಯದ ತಾಲ್ಲೂಕು ಕಚೇರಿ ಕಡೆಯ ಡಿಟಿಪಿ ಅಂಗಡಿಯಾಗಲಿ, ಮೇಜಿನ ಮೇಲೆ ಮತ್ತೆಮತ್ತೆ ಕಣ್ಣಿಗೆ ಬೀಳುವ ಪ್ರಿಂಟರ್‌ಗಳು ಎರಡು: ಎಚ್‌ಪಿ ಲೇಸರ್‌ಜೆಟ್ 1020 ಮತ್ತು ಕ್ಯಾನನ್ ಎಲ್‌ಬಿಪಿ 2900. ಎರಡಕ್ಕೂ 12ಎ ಕಾರ್ಟ್ರಿಜ್ಜೇ ಕೂರುತ್ತದೆ. ಕ್ಯಾನನ್ ಅದನ್ನೇ 303 ಎಂದು ಮಾರುತ್ತದೆ. ರೀಫಿಲ್ ಸುಲಭವಾಗಿ ಸಿಗುವುದರಿಂದ ಈ ಯಂತ್ರಗಳು ಹದಿನೈದು ವರ್ಷವಾದರೂ ಓಡುತ್ತವೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11 ಒಪ್ಪದ ಹಳೆಯ ಐ3, 4 ಜಿಬಿ ರ‍್ಯಾಮ್ ಕಂಪ್ಯೂಟರ್‌ಗೆ ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿಸಿದವರಿಗೆ ಮೊದಲು ಎದುರಾಗುವುದು ಪ್ರಿಂಟರ್ ಡ್ರೈವರ್ (ಕಂಪ್ಯೂಟರ್ ಪ್ರಿಂಟರ್ ಜೊತೆ ಮಾತಾಡಲು ಬೇಕಾದ ಸಾಫ್ಟ್‌ವೇರ್) ಪ್ರಶ್ನೆಯೇ.

ಮಿಂಟ್ 22ರಲ್ಲಿ ಕಂಪನಿಯದ್ದು, ಓಪನ್ ಸೋರ್ಸ್ (ಮೂಲ ಕೋಡ್ ಎಲ್ಲರಿಗೂ ತೆರೆದಿಟ್ಟದ್ದು) ಎರಡೂ ಬಗೆಯ ಡ್ರೈವರ್ ಹಾಕಿ ನೋಡಿದ ಹೋಲಿಕೆ ಇದು. ಪ್ರಿಂಟ್ ಎಷ್ಟು ಚೆನ್ನಾಗಿದೆ ಎನ್ನುವುದಕ್ಕಿಂತ ಹೆಚ್ಚು ತೂಕ ಕೊಟ್ಟಿರುವುದು ಎರಡು ವಿಷಯಕ್ಕೆ: ಸಿಸ್ಟಂ ಅಪ್‌ಡೇಟ್ ಆದ ಮರುದಿನ ಪ್ರಿಂಟ್ ಬರುತ್ತದೆಯೇ? ಕರೆಂಟ್ ಹೋಗಿ ಬಂದಾಗ ಯಾರೂ ಮುಟ್ಟದೆ ಪ್ರಿಂಟರ್ ಮತ್ತೆ ಎದ್ದು ಕೂರುತ್ತದೆಯೇ? ಅಂಗಡಿಗೆ ಬೇಕಾಗಿರುವುದು ಇವೇ.

ಎಚ್‌ಪಿ 1020

ಈ ಪ್ರಿಂಟರ್ ತನ್ನ ಫರ್ಮ್‌ವೇರನ್ನು (ಯಂತ್ರವನ್ನು ನಡೆಸುವ ಪ್ರೋಗ್ರಾಂ) ಒಳಗೆ ಉಳಿಸಿಕೊಳ್ಳುವುದಿಲ್ಲ. ಪ್ರತಿ ಸಲ ಸ್ವಿಚ್ ಹಾಕಿದಾಗಲೂ ಕಂಪ್ಯೂಟರ್ ಅದನ್ನು ಯುಎಸ್‌ಬಿ ಮೂಲಕ ಕಳಿಸಬೇಕು. ಕಳಿಸದಿದ್ದರೆ ಕ್ಯೂನಲ್ಲಿ (ಪ್ರಿಂಟ್ ಕೆಲಸಗಳ ಸರದಿ) ಕೆಲಸ ಮುಗಿದಿದೆ ಎಂದು ತೋರಿಸುತ್ತದೆ, ಕಾಗದ ಮಾತ್ರ ಅಲ್ಲಾಡುವುದಿಲ್ಲ. 1020 ಬಗ್ಗೆ ಬರುವ ದೂರುಗಳಲ್ಲಿ ಹೆಚ್ಚಿನವು ಇದೇ.

ಕಂಪನಿಯ ದಾರಿ ಎಂದರೆ ಎಚ್‌ಪಿಲಿಪ್ ಎಂಬ ಎಚ್‌ಪಿಯದೇ ಲಿನಕ್ಸ್ ಡ್ರೈವರ್. ಎಚ್‌ಪಿಲಿಪ್ ಸ್ವತಃ ಓಪನ್ ಸೋರ್ಸ್. ಆದರೆ 1020ಕ್ಕೆ ಅದು ಸಾಲದು, ಎಚ್‌ಪಿಯ ಮುಚ್ಚಿದ (ಮೂಲ ಕೋಡ್ ಕೊಡದ) ಪ್ಲಗಿನ್ ಎಂಬ ಹೆಚ್ಚುವರಿ ಭಾಗ ಬೇಕೇ ಬೇಕು. ಟರ್ಮಿನಲ್‌ನಲ್ಲಿ ಎಚ್‌ಪಿ-ಪ್ಲಗಿನ್ ಎಂಬ ಆಜ್ಞೆ ಕೊಟ್ಟರೆ ಡೌನ್‌ಲೋಡ್ ಆಗುತ್ತದೆ, ಹತ್ತು ನಿಮಿಷದ ಕೆಲಸ. ತೊಂದರೆ ಶುರುವಾಗುವುದು ಆಮೇಲೆ. ಪ್ಲಗಿನ್ ಆವೃತ್ತಿ ಮತ್ತು ಎಚ್‌ಪಿಲಿಪ್ ಆವೃತ್ತಿ ಅಕ್ಷರಶಃ ಒಂದೇ ಇರಬೇಕು. ಮಿಂಟನ್ನು ಮುಂದಿನ ಆವೃತ್ತಿಗೆ ಏರಿಸಿದಾಗ ಎಚ್‌ಪಿಲಿಪ್ ಹೊಸದಾಗುತ್ತದೆ, ಪ್ಲಗಿನ್ ಹಳೆಯದೇ ಉಳಿಯುತ್ತದೆ, ಫರ್ಮ್‌ವೇರ್ ಹೋಗುವುದು ನಿಲ್ಲುತ್ತದೆ. ಇಂಟರ್ನೆಟ್ ಇಲ್ಲದ ಹೊತ್ತಿನಲ್ಲಿ ಹೀಗಾದರೆ ಆ ದಿನದ ವ್ಯಾಪಾರ ಹೋಯಿತು.

ಇನ್ನೊಂದು ದಾರಿ ಫೂ2ಝಡ್‌ಜೆಎಸ್ ಎಂಬ ಓಪನ್ ಸೋರ್ಸ್ ಡ್ರೈವರ್. ಮಿಂಟ್‌ನ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ 'ಪ್ರಿಂಟರ್-ಡ್ರೈವರ್-ಫೂ2ಝಡ್‌ಜೆಎಸ್' ಎಂಬ ಪ್ಯಾಕೇಜ್ ಇದೆ. ಮೊದಲು ಎಚ್‌ಪಿಲಿಪ್ ತೆಗೆದುಹಾಕಿ, ಈ ಹೆಜ್ಜೆ ತಪ್ಪಿಸಬೇಡಿ. ಎರಡೂ ಇದ್ದರೆ, ಪ್ರಿಂಟರ್ ಆನ್ ಆದ ಕ್ಷಣ ಎರಡರ ಯುಡೆವ್ ನಿಯಮಗಳೂ (ಸಾಧನ ಜೋಡಿಸಿದಾಗ ಏನು ಮಾಡಬೇಕೆಂದು ಲಿನಕ್ಸ್‌ಗೆ ಹೇಳುವವು) ಅದನ್ನೇ ಹಿಡಿಯಲು ಹೋಗುತ್ತವೆ. ಹಳೆಯ ಕ್ಯೂಗಳನ್ನೂ ಅಳಿಸಿ. ನಂತರ ಗೆಟ್‌ವೆಬ್ 1020 ಆಜ್ಞೆಯಿಂದ ಫರ್ಮ್‌ವೇರ್ ತರಿಸಿ, ಹೊಸ ಕ್ಯೂ ಸೇರಿಸುವಾಗ 'ಫೂ2ಝಡ್‌ಜೆಎಸ್-ಝಡ್1' ಎಂದಿರುವ ಮಾದರಿ ಆರಿಸಿ. ಗೆಟ್‌ವೆಬ್ ಕೆಲವೊಮ್ಮೆ ವಿಳಾಸ ಸಿಗದೆ ಸೋಲುತ್ತದೆ. ಆದ್ದರಿಂದ ಒಮ್ಮೆ ಸಿಕ್ಕ 'ಎಸ್‌ಐಎಚ್‌ಪಿ1020.ಡಿಎಲ್' ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಳ್ಳಿ. ಮುಂದೆ ಎಂದಾದರೂ ಸಿಸ್ಟಂ ಹೊಸದಾಗಿ ಹಾಕಿದರೆ ಆ ಒಂದು ಫೈಲ್ ಸಾಕು.

ಫರ್ಮ್‌ವೇರ್ ಹೋಗಿದೆಯೇ ಎಂದು ನೋಡಲು ಯುಎಸ್‌ಬಿ-ಪ್ರಿಂಟರ್‌ಐಡಿ ಎಂಬ ಪುಟ್ಟ ಸಾಧನ ಪ್ಯಾಕೇಜ್ ಜೊತೆಗೇ ಬರುತ್ತದೆ. ಅದರ ಉತ್ತರದಲ್ಲಿ ಎಫ್‌ಡಬ್ಲ್ಯೂವರ್ ಎಂಬ ಪದ ಕಂಡರೆ ಹೋಗಿದೆ, ಕಾಣದಿದ್ದರೆ ಇಲ್ಲ.

ಕರೆಂಟ್ ವಿಷಯಕ್ಕೆ ಬಂದರೆ, ಕಂಪ್ಯೂಟರ್ ಯುಪಿಎಸ್ ಮೇಲಿರುತ್ತದೆ, ಲೇಸರ್ ಪ್ರಿಂಟರ್ ಇರುವುದಿಲ್ಲ. ಫ್ಯೂಸರ್ (ಟೋನರನ್ನು ಕಾಗದಕ್ಕೆ ಬಿಸಿಯಿಂದ ಅಂಟಿಸುವ ಭಾಗ) ಎಳೆಯುವ ಕರೆಂಟನ್ನು ಸಣ್ಣ ಯುಪಿಎಸ್ ತಾಳದು, ಹಾಗಾಗಿ ಅದಕ್ಕೆ ಕೊಡಲೂಬಾರದು. ಆದ್ದರಿಂದ ಕರೆಂಟ್ ಹೋದಾಗಲೆಲ್ಲ 1020 ತನ್ನ ಫರ್ಮ್‌ವೇರ್ ಮರೆಯುತ್ತದೆ, ಕಂಪ್ಯೂಟರ್ ಓಡುತ್ತಲೇ ಇರುತ್ತದೆ. ಫೂ2ಝಡ್‌ಜೆಎಸ್‌ನ ಯುಡೆವ್ ನಿಯಮ ಪ್ರಿಂಟರ್ ಮರಳಿ ಕಂಡ ಕೂಡಲೇ ಫೈಲನ್ನು ತಾನೇ ಕಳಿಸುತ್ತದೆ. ಪ್ಲಗಿನ್ ಸರಿಯಿದ್ದಾಗ ಎಚ್‌ಪಿಲಿಪ್ ಕೂಡ ಕಳಿಸುತ್ತದೆ. ಆದರೆ ಯಾವ ಡ್ರೈವರ್ ಇದ್ದರೂ ಕಪ್ಸ್‌ನ (ಲಿನಕ್ಸ್‌ನಲ್ಲಿ ಪ್ರಿಂಟ್ ಕೆಲಸಗಳನ್ನು ನಡೆಸುವ ವ್ಯವಸ್ಥೆ) ದೋಷ ನೀತಿಯನ್ನು ಬದಲಿಸಬೇಕು. ಮೊದಲಿನಿಂದ ಇರುವುದು 'ಸ್ಟಾಪ್-ಪ್ರಿಂಟರ್'. ಒಂದು ಕೆಲಸ ಎಡವಿದರೆ ಇಡೀ ಕ್ಯೂ ನಿಂತುಬಿಡುತ್ತದೆ. ಅದನ್ನು 'ರಿಟ್ರೈ-ಜಾಬ್' ಮಾಡಿದರೆ ಕರೆಂಟ್ ಬಂದಮೇಲೆ ನಿಂತ ಕೆಲಸ ತಾನಾಗಿ ಮುಂದುವರಿಯುತ್ತದೆ.

ಪ್ರಿಂಟ್ ಗುಣಮಟ್ಟದಲ್ಲಿ ಕನ್ನಡಕ್ಕೆ ಪರೀಕ್ಷೆ ಒತ್ತಕ್ಷರಗಳದ್ದು. 8 ಪಾಯಿಂಟ್ ಗಾತ್ರದಲ್ಲಿ 'ರಾಷ್ಟ್ರ', 'ಸ್ತ್ರೀ', 'ಲಕ್ಷ್ಮಿ' ಬರೆದು ಎರಡೂ ಡ್ರೈವರ್‌ನಿಂದ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. 600 ಡಿಪಿಐನಲ್ಲಿ ಎರಡೂ ಸಮ. ಟೋನರ್ ಉಳಿತಾಯ ಹಾಕಿದಾಗ ಮಾತ್ರ ಟಕಾರದ ಕೆಳಗಿನ ರಕಾರದ ಸಣ್ಣ ಗೆರೆ ಚುಕ್ಕಿಚುಕ್ಕಿಯಾಗಿ ಒಡೆಯುತ್ತದೆ. ಪಹಣಿ, ಕ್ರಯಪತ್ರದಂಥ ಕಾಗದಕ್ಕೆ ಅದು ನಡೆಯುವುದಿಲ್ಲ. ಉಳಿತಾಯ ತೆಗೆದು ಸಾಂದ್ರತೆ 3ರಲ್ಲಿ ಇಡಿ. ಅಕ್ಷರ ಜೋಡಣೆಯೇ ತಪ್ಪಿದ್ದರೆ ಡ್ರೈವರನ್ನು ಬೈಯಬೇಡಿ. ಪುಟ ಕಂಪ್ಯೂಟರ್‌ನಲ್ಲೇ ಚಿತ್ರವಾಗಿ ಮಾರ್ಪಟ್ಟು ಹೋಗುವುದರಿಂದ ದೋಷ ಫಾಂಟ್‌ನದ್ದೋ ಪಿಡಿಎಫ್‌ನದ್ದೋ ಆಗಿರುತ್ತದೆ.

1020ಕ್ಕೆ ನಮ್ಮ ಆಯ್ಕೆ ಫೂ2ಝಡ್‌ಜೆಎಸ್, ಅನುಮಾನವಿಲ್ಲ. ಒಂದು ಮಾತು ನೆನಪಿರಲಿ: ಡ್ರೈವರ್ ಮುಕ್ತವಾದರೂ ಫರ್ಮ್‌ವೇರ್ ಎಚ್‌ಪಿಯದ್ದೇ, ಮುಚ್ಚಿದ್ದೇ.

ಕ್ಯಾನನ್ 2900

ಇಲ್ಲಿ ತೀರ್ಪು ಅಷ್ಟು ಸುಲಭವಲ್ಲ. ಕ್ಯಾನನ್ ಕೊಟ್ಟ ಲಿನಕ್ಸ್ ಡ್ರೈವರ್‌ನ ಹೆಸರು ಕ್ಯಾಪ್ಟ್, ಆವೃತ್ತಿ 2.71. ಅದರ ಮುಖ್ಯ ಭಾಗಗಳು 32 ಬಿಟ್‌ನವು. 64 ಬಿಟ್ ಮಿಂಟ್‌ನಲ್ಲಿ ಓಡಿಸಲು ಹಳೆಯ 32 ಬಿಟ್ ಲೈಬ್ರರಿಗಳನ್ನು ಜೊತೆಗೆ ಹೇರಬೇಕು. ಸಿಸಿಪಿಡಿ ಎಂಬ ಡೀಮನ್ (ಹಿನ್ನೆಲೆಯಲ್ಲಿ ಕೆಲಸ ಮಾಡುವ ಪ್ರೋಗ್ರಾಂ) ಸದಾ ಓಡುತ್ತಿರಬೇಕು. ಕ್ಯೂವನ್ನು ಅದರ 59687ನೇ ಪೋರ್ಟ್‌ಗೆ ಕಟ್ಟಬೇಕು. ಸ್ಥಿತಿ ಕೇಳಿದಾಗ ಸಿಸಿಪಿಡಿ ಎರಡು ಪ್ರೊಸೆಸ್ ಸಂಖ್ಯೆ ತೋರಿಸಿದರೆ ಸರಿ. ಒಂದೇ ತೋರಿಸಿದರೆ ಅದು ಪ್ರಿಂಟರ್ ತಲುಪಿಲ್ಲ ಎಂದರ್ಥ. ಕರೆಂಟ್ ಹೋಗಿ ಬಂದಾಗ ಆಗುವುದೂ ಇದೇ: ಡೀಮನ್ ಎಲ್‌ಪಿ0 ಎಂಬ ಹಳೆಯ ಸಾಧನ ಹೆಸರನ್ನೇ ಹಿಡಿದುಕೊಂಡಿರುತ್ತದೆ, ಪ್ರಿಂಟರ್ ಎಲ್‌ಪಿ1 ಆಗಿ ಬರುತ್ತದೆ. ಪರಿಹಾರ, ಸಾಧನ ಸಂಖ್ಯೆ 2676ನ್ನು ಗುರುತಿಸಿ ಸ್ಥಿರ ಹೆಸರು ಕೊಡುವ ಒಂದು ಯುಡೆವ್ ನಿಯಮ ಬರೆದು, ಸಿಸಿಪಿಡಿಗೆ ಎಲ್‌ಪಿ0 ಬದಲು ಆ ಹೆಸರನ್ನೇ ಕೊಡುವುದು. ಇಷ್ಟು ಮಾಡಿಟ್ಟರೆ ಡ್ರೈವರ್ ಗಟ್ಟಿ. ಕಾಗದ ಮುಗಿದರೆ ಹೇಳುತ್ತದೆ, ಹಾಕಿದರೆ ಮುಂದುವರಿಯುತ್ತದೆ.

ಓಪನ್ ಸೋರ್ಸ್ ಬದಲಿ ಕ್ಯಾಪ್ಟ್‌ಡ್ರೈವರ್. ಕ್ಯಾನನ್ ಮಾಹಿತಿ ಕೊಡದೆ, ಯುಎಸ್‌ಬಿ ಸಂಚಾರ ಓದಿಯೇ ಕಟ್ಟಿದ ಕೆಲಸ. ಅದಕ್ಕೆ ಗೌರವ ಸಲ್ಲಲೇಬೇಕು. ಮೂಲ ಕೋಡ್‌ನಿಂದ ಕಂಪೈಲ್ ಮಾಡಬೇಕು (ಓಡುವ ಪ್ರೋಗ್ರಾಂ ಆಗಿ ಮಾರ್ಪಡಿಸಬೇಕು): ಬಿಲ್ಡ್-ಎಸೆನ್ಶಿಯಲ್, ಆಟೋಮೇಕ್, ಕಪ್ಸ್‌ನ ಡೆವಲಪ್‌ಮೆಂಟ್ ಪ್ಯಾಕೇಜ್ ಸಾಕು. ತಯಾರಾದ ರಾಸ್ಟರ್‌ಟುಕ್ಯಾಪ್ಟ್ ಫಿಲ್ಟರನ್ನು (ಪುಟವನ್ನು ಪ್ರಿಂಟರ್‌ನ ಭಾಷೆಗೆ ಬದಲಿಸುವ ಪ್ರೋಗ್ರಾಂ) ಕಪ್ಸ್‌ನ ಫಿಲ್ಟರ್ ಫೋಲ್ಡರ್‌ಗೆ ಹಾಕಿ, ಒಡೆತನ ರೂಟ್‌ಗೆ (ಸಿಸ್ಟಂನ ಮುಖ್ಯ ಖಾತೆ), ಅನುಮತಿ 755ಕ್ಕೆ (ತಿದ್ದುವ ಹಕ್ಕು ಒಡೆಯನಿಗೆ ಮಾತ್ರ) ಬದಲಿಸಿ. ಅನುಮತಿ ಸಡಿಲವಾಗಿದ್ದರೆ ಕಪ್ಸ್ ಭದ್ರತೆಯ ಕಾರಣಕ್ಕೆ ಫಿಲ್ಟರನ್ನೇ ಓಡಿಸುವುದಿಲ್ಲ, 'ಫಿಲ್ಟರ್ ಫೇಲ್ಡ್' ಎಂದಷ್ಟೇ ಬರುತ್ತದೆ. ಸಿಸಿಪಿಡಿ ಇದ್ದರೆ ಮೊದಲು ನಿಲ್ಲಿಸಿ.

ಕ್ಯಾಪ್ಟ್‌ಡ್ರೈವರ್ ಹಗುರ, ಡೀಮನ್ ಇಲ್ಲ, 32 ಬಿಟ್ ಹೊರೆ ಇಲ್ಲ, ಫರ್ಮ್‌ವೇರ್ ಕಳಿಸುವ ಗೋಜೂ ಇಲ್ಲ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೂ ಓಡುತ್ತದೆ. ಕ್ಯಾನನ್‌ನ ಡ್ರೈವರ್ ಅಲ್ಲಿ ಓಡುವುದೇ ಇಲ್ಲ. ಪೈಗೆ 2900 ಜೋಡಿಸಿ ಕಪ್ಸ್‌ನಲ್ಲಿ ಶೇರ್ ಮಾಡಿದರೆ ಗಿರಾಕಿ ವಾಟ್ಸಾಪ್‌ನಲ್ಲಿ ಕಳಿಸಿದ ಪಿಡಿಎಫನ್ನು ಅಂಗಡಿಯ ಫೋನಿನಿಂದಲೇ ಪ್ರಿಂಟ್ ಕೊಡಬಹುದು. ಸೋಲುವುದು ದೋಷ ಬಂದಾಗ. ಉದ್ದ ಕೆಲಸದ ನಡುವೆ ಕಾಗದ ಮುಗಿದರೆ ಅಥವಾ ಸಿಕ್ಕಿಕೊಂಡರೆ ಕೆಲಸ ಅಲ್ಲೇ ಅಂಟಿಕೊಳ್ಳಬಹುದು. ಆಗ ಕ್ಯೂ ಖಾಲಿ ಮಾಡಿ, ಪ್ರಿಂಟರ್ ಆಫ್ ಮಾಡಿ ಆನ್ ಮಾಡಬೇಕು. ದಿನಕ್ಕೆ ನಾಲ್ಕಾರು ಅರ್ಜಿ ತೆಗೆಯುವಲ್ಲಿ ಇದನ್ನು ಸಹಿಸಬಹುದು. 200 ಪುಟದ ಪ್ರಬಂಧ ಕೊಡುವ ಅಂಗಡಿಯಲ್ಲಿ ಆಗದು. ಅಲ್ಲಿ ಸದ್ಯಕ್ಕೆ ಕ್ಯಾನನ್‌ನದ್ದನ್ನೇ ಉಳಿಸಿಕೊಳ್ಳಿ, ಅಥವಾ ಕ್ಯಾಪ್ಟ್‌ಡ್ರೈವರ್‌ಗೆ 20 ಪುಟದಂತೆ ತುಂಡು ಮಾಡಿ ಕೊಡಿ.

ಬ್ರದರ್, ಎಪ್ಸನ್

ಬ್ರದರ್ ಎಚ್‌ಎಲ್-ಎಲ್2321ಡಿ ಇರುವವರು ಹೆಚ್ಚು ಯೋಚಿಸಬೇಕಿಲ್ಲ. ಕಂಪನಿಯ ಪ್ಯಾಕೇಜ್ 32 ಬಿಟ್‌ನದ್ದು. ಬದಲಿಗೆ ಬಿಆರ್‌ಲೇಸರ್ ಎಂಬ ಪ್ಯಾಕೇಜ್ ಮಿಂಟ್‌ನಲ್ಲೇ ಇದೆ, ಎರಡೂ ಬದಿಯ ಪ್ರಿಂಟ್ ಸಹ ಸರಿಯಾಗಿ ಬರುತ್ತದೆ. ಆಧಾರ್ ಪ್ರತಿಯ ಫೋಟೋ ಕಂಪನಿ ಡ್ರೈವರ್‌ಗಿಂತ ಸ್ವಲ್ಪ ಕಪ್ಪಾಗಿ ಕಂಡರೆ ಸ್ಕ್ಯಾನ್ ಮಾಡುವಾಗಲೇ ಹೊಳಪು ಏರಿಸಿ. ಎಪ್ಸನ್ ಇಂಕ್ ಟ್ಯಾಂಕ್‌ಗಳಿಗೆ ಕಂಪನಿಯೇ ಇಎಸ್‌ಸಿಪಿಆರ್ ಡ್ರೈವರ್‌ನ ಸೋರ್ಸ್ ತೆರೆದಿಟ್ಟಿದೆ, ಹೋಲಿಸಲು ಏನೂ ಉಳಿದಿಲ್ಲ.

ಕ್ಯೂ ಸೇರಿಸುವಾಗ 'ಪ್ರಿಂಟರ್ ಡ್ರೈವರ್‌ಗಳು ಮುಂದಿನ ಆವೃತ್ತಿಯಲ್ಲಿ ನಿಲ್ಲುತ್ತವೆ' ಎಂಬ ಎಚ್ಚರಿಕೆ ಕಂಡರೆ ಗಾಬರಿ ಬೇಡ. ಅದು ಕಪ್ಸ್ 3ರ ಮಾತು, ಈಗಿನ 2.4ರಲ್ಲಿ ಮೇಲಿನ ಡ್ರೈವರ್‌ಗಳೆಲ್ಲ ಓಡುತ್ತವೆ.

ಬದಲಿಸುವ ಮೊದಲು ಕಪ್ಸ್ ಸೇವೆ ನಿಲ್ಲಿಸಿ, ಇಟಿಸಿ (ಸಿಸ್ಟಂ ಸೆಟ್ಟಿಂಗ್‌ಗಳ ಫೋಲ್ಡರ್) ಒಳಗಿನ ಕಪ್ಸ್ ಫೋಲ್ಡರ್‌ನಲ್ಲಿರುವ ಪಿಪಿಡಿ ಫೋಲ್ಡರ್ (ಪ್ರಿಂಟರ್ ವಿವರದ ಫೈಲ್‌ಗಳಿರುವುದು) ಮತ್ತು ಪ್ರಿಂಟರ್ಸ್.ಕಾನ್ಫ್ ಫೈಲ್ ಕಾಪಿ ಮಾಡಿಟ್ಟುಕೊಳ್ಳಿ. ಓಡುತ್ತಿರುವ ಕಪ್ಸ್ ಆ ಫೈಲನ್ನು ತಾನೇ ಮತ್ತೆ ಬರೆಯುತ್ತದೆ, ಅದಕ್ಕೇ ನಿಲ್ಲಿಸಬೇಕು. ಹೊಸ ಡ್ರೈವರ್ ಕೈಕೊಟ್ಟರೆ ಹಳೆಯ ಪ್ಯಾಕೇಜ್ ಮರಳಿ ಹಾಕಿ, ಇವೆರಡನ್ನೂ ಸ್ವಸ್ಥಾನಕ್ಕೆ ಸೇರಿಸಿ ಕಪ್ಸ್ ಚಾಲೂ ಮಾಡಿದರೆ ಹಳೆಯ ಕ್ಯೂ ಇದ್ದ ಹಾಗೇ ಸಿಗುತ್ತದೆ.