ಬಸವನಗುಡಿಯಲ್ಲಿ ಏನು, ಎಲ್ಲಿ, ಯಾವ ಹೊತ್ತಿಗೆ ತಿನ್ನಬೇಕು

ಬಸವನಗುಡಿಗೆ ತಿಂಡಿಗೆಂದು ಹೊರಡುವ ಮುಂಚೆ ಇವತ್ತು ಯಾವ ವಾರ ಅಂತ ನೋಡಿಕೊಳ್ಳಿ. ಸೋಮವಾರ ಎಂಟಿಆರ್ ಬಾಗಿಲು ಹಾಕಿರುತ್ತದೆ. ಶುಕ್ರವಾರ ವಿದ್ಯಾರ್ಥಿ ಭವನಕ್ಕೆ ರಜೆ. ಭಾನುವಾರ ಬ್ರಾಹ್ಮಿನ್ಸ್ ಕಾಫಿ ಬಾರ್ ಇರುವುದಿಲ್ಲ. ದೂರದ ಬಡಾವಣೆಯಿಂದ ಬಂದು ಮುಚ್ಚಿದ ಬಾಗಿಲ ಮುಂದೆ ನಿಲ್ಲುವವರು ಪ್ರತಿ ವಾರವೂ ಸಿಗುತ್ತಾರೆ. ಮೂರೂ ತೆರೆದಿರುವುದು ಮಂಗಳವಾರ, ಬುಧವಾರ, ಗುರುವಾರ ಮತ್ತು ಶನಿವಾರ. ಶನಿವಾರದ ಜನಜಂಗುಳಿ ಬೇಡವೆಂದರೆ ಉಳಿದ ಮೂರು ದಿನಗಳೇ ವಾಸಿ.

ಹೊತ್ತೂ ಅಷ್ಟೇ ಮುಖ್ಯ. ಇಲ್ಲಿನ ಹಳೆಯ ಹೋಟೆಲುಗಳು ದಿನವಿಡೀ ಒಲೆ ಉರಿಸುವುದಿಲ್ಲ. ಬೆಳಗಿನ ತಿಂಡಿ ಹನ್ನೊಂದೂವರೆ, ಹನ್ನೆರಡಕ್ಕೆ ಮುಗಿಯಿತೆಂದರೆ ಮತ್ತೆ ಶುರುವಾಗುವುದು ಎರಡು ಮೂರು ಗಂಟೆಯ ಮೇಲೆ. ಆ ನಡುವೆ ಬಂದರೆ ದೋಸೆಯೂ ಇಲ್ಲ, ಇಡ್ಲಿಯೂ ಇಲ್ಲ. ಇನ್ನೊಂದು ವಿಷಯ: ಈ ಭಾಗದಲ್ಲಿ ಒಂದು ಹೋಟೆಲಿಗೆ ಒಂದೋ ಎರಡೋ ತಿನಿಸೇ ಕೈಹಿಡಿದಿರುವುದು. ಒಂದೇ ಕಡೆ ಕೂತು ಇಡ್ಲಿ, ವಡೆ, ದೋಸೆ, ಬಾತು ಎಲ್ಲ ತರಿಸಿಕೊಂಡರೆ ಹೊಟ್ಟೆ ತುಂಬುತ್ತದೆ ನಿಜ, ಪಕ್ಕದ ಬೀದಿಯಲ್ಲಿ ಅದಕ್ಕಿಂತ ಚೆನ್ನಾಗಿ ಸಿಗುವ ಇಡ್ಲಿಗೆ ಜಾಗ ಉಳಿಯುವುದಿಲ್ಲ.

ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಿಂದ ಇದೆ. ಇಲ್ಲಿಗೆ ಬರುವುದು ಮಸಾಲೆ ದೋಸೆಗೆ. ಬಾಗಿಲಲ್ಲಿ ಹೆಸರು ಬರೆಸಿ ಕಾಯಬೇಕು. ವಾರದ ದಿನ ಬೆಳಿಗ್ಗೆ ಏಳರೊಳಗೆ ಬಂದರೆ ಕಾಯುವಿಕೆ ಕಡಿಮೆ, ಭಾನುವಾರ ಒಂಬತ್ತರ ಮೇಲೆ ಬಂದರೆ ಬಹಳ ಹೊತ್ತು ನಿಲ್ಲಲು ತಯಾರಿರಿ. ಒಳಗೆ ಗೋಡೆಯ ಮೇಲೆ ಕನ್ನಡ ಸಾಹಿತಿಗಳ ರೇಖಾಚಿತ್ರಗಳಿವೆ. ಮೇಜನ್ನು ಅಪರಿಚಿತರ ಜೊತೆ ಹಂಚಿಕೊಳ್ಳಬೇಕಾಗುತ್ತದೆ. ನಾಲ್ಕು ಜನ ಒಟ್ಟಿಗೇ ಕೂರಬೇಕೆಂದು ಹಟ ಹಿಡಿದರೆ ಸರದಿ ಮುಂದಕ್ಕೆ ಹೋಗುತ್ತದೆ, ಇಬ್ಬಿಬ್ಬರಾಗಿ ಕೂರುತ್ತೇವೆ ಅಂದರೆ ಬೇಗ ಜಾಗ ಸಿಗುತ್ತದೆ.

ದೋಸೆ ಬಿಡಿಬಿಡಿಯಾಗಿ ಬರುವುದಿಲ್ಲ. ಕಾವಲಿಯ ಮೇಲೆ ಒಂದು ಸಾಲು ಹಿಟ್ಟು ಹುಯ್ದು, ಎಲ್ಲ ಒಟ್ಟಿಗೆ ಬೆಂದ ಮೇಲೆ ಸಪ್ಲೈಯರ್ ತೋಳಿನುದ್ದಕ್ಕೂ ತಟ್ಟೆ ಪೇರಿಸಿಕೊಂಡು ಬರುತ್ತಾರೆ. ಆದ್ದರಿಂದ ಆರ್ಡರ್ ಕೊಟ್ಟ ಮೇಲೆ ಸ್ವಲ್ಪ ಹೊತ್ತು ಏನೂ ಬರಲಿಲ್ಲವೆಂದು ಗಾಬರಿ ಬೀಳಬೇಡಿ. ಬಂದಾಗ ಸುತ್ತಲಿನ ನಾಲ್ಕಾರು ಮೇಜಿಗೂ ಒಂದೇ ಸಲ ಬರುತ್ತದೆ, ಬಿಸಿಯಾಗಿಯೇ ಬರುತ್ತದೆ. ಹಾಗಾಗಿ ಇನ್ನೊಂದು ದೋಸೆ ಬೇಕಾದರೆ ಮೊದಲೇ ಹೇಳಿಬಿಡಿ. ಮೊದಲನೆಯದನ್ನು ಮುಗಿಸಿ ಹೇಳಿದರೆ ಮುಂದಿನ ಸರದಿಯವರೆಗೂ ಖಾಲಿ ತಟ್ಟೆ ನೋಡುತ್ತ ಕೂರಬೇಕು.

ದೋಸೆ ಅಗಲದಲ್ಲಿ ಚಿಕ್ಕದು, ದಪ್ಪ. ಹೊರಗೆ ಕೆಂಪಗೆ ಗರಿಗರಿ, ಒಳಗೆ ಇಡ್ಲಿಯಂತೆ ಮೆದು. ಮಡಿಕೆ ಬಿಚ್ಚಿದರೆ ಆಲೂಗೆಡ್ಡೆ ಪಲ್ಯದಿಂದ ಹಬೆ ಏಳುತ್ತದೆ. ಈ ಹಬೆಯೇ ಗರಿಗೆ ಶತ್ರು. ಐದು ನಿಮಿಷ ಫೋಟೊ ತೆಗೆಯುತ್ತ ಕೂತರೆ ಒಳಗಿನ ತೇವ ಹೊರಗಿನ ಪದರಕ್ಕೆ ಇಳಿದು ದೋಸೆ ತೊಗಲಾಗುತ್ತದೆ. ಪಾರ್ಸೆಲ್ ಮಾಡಿಸಿದರೆ ಆಗುವುದೂ ಇದೇ. ಮನೆಗೆ ಒಯ್ಯಲೇಬೇಕೆಂದರೆ ಪಲ್ಯ ಬೇರೆ ಕಟ್ಟಿಕೊಡಲು ಕೇಳಿ ನೋಡಿ, ಮನೆಯಲ್ಲಿ ಕಾವಲಿಯ ಮೇಲೆ ಬಿಸಿ ಮಾಡಿ. ಮೈಕ್ರೋವೇವ್‌ಗೆ ಹಾಕಿದರೆ ಮುಗಿಯಿತು. ಚಟ್ನಿ ನೀರಾಗಿರುತ್ತದೆ, ಧಾರಾಳವಾಗಿ ಸುರಿಯುತ್ತಾರೆ. ದೋಸೆಯ ಮೇಲೆಲ್ಲ ಹಾಕಿಸಿಕೊಳ್ಳದೆ ತಟ್ಟೆಯ ಒಂದು ಬದಿಗೆ ಹಾಕಿಸಿಕೊಳ್ಳಿ. ದೋಸೆಗೆ ಸಾಂಬಾರ್ ಇಲ್ಲ. ತುಪ್ಪ ಚೆನ್ನಾಗಿಯೇ ಬಿದ್ದಿರುತ್ತದೆ, ಬೆಳಗಿನ ಹೊತ್ತಿಗೆ ಜಿಡ್ಡು ಆಗದವರು ಇಬ್ಬರಿಗೆ ಒಂದು ತರಿಸಿಕೊಂಡು ನೋಡಬಹುದು.

ಅಲ್ಲಿಂದ ಶಂಕರಪುರಕ್ಕೆ ನಡೆದೇ ಹೋಗಬಹುದು. ಶಂಕರ ಮಠದ ಹತ್ತಿರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಲ್ಲಿ ಶುರುವಾದದ್ದು. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ, ಹೆಚ್ಚುಕಡಿಮೆ ಇಷ್ಟೇ ಇಲ್ಲಿನ ಪಟ್ಟಿ. ಕೂರಲು ಕುರ್ಚಿಯಿಲ್ಲ, ಸಾಂಬಾರೂ ಇಲ್ಲ. ಇಡ್ಲಿಗೆ ಸಾಂಬಾರ್ ಇರಲೇಬೇಕು ಎನ್ನುವವರಿಗೆ ಈ ಜಾಗ ಹಿಡಿಸುವುದು ಕಷ್ಟ. ಆದರೆ ಚಟ್ನಿಯನ್ನು ಒಮ್ಮೆ ಗಮನವಿಟ್ಟು ತಿನ್ನಿ. ತೆಳ್ಳಗೆ, ಹಸಿಮೆಣಸಿನ ಖಾರ, ನುಣ್ಣಗೆ ಅರೆದದ್ದು. ಇಡ್ಲಿ ಅದನ್ನು ಹೀರಿಕೊಳ್ಳುವ ಹದದಲ್ಲಿರುತ್ತದೆ. ಎಷ್ಟು ಸಲ ಕೇಳಿದರೂ ಹಾಕುತ್ತಾರೆ.

ವಡೆಯನ್ನು ಚಟ್ನಿಯಲ್ಲಿ ಮುಳುಗಿಸಬೇಡಿ. ಇಡ್ಲಿ ಪಕ್ಕದಲ್ಲೇ ವಡೆ ಇಟ್ಟುಕೊಂಡು ಮೇಲೆ ಚಟ್ನಿ ಹಾಕಿಸಿಕೊಂಡರೆ ಎರಡೇ ನಿಮಿಷದಲ್ಲಿ ವಡೆಯ ಹೊರಗಿನ ಗರಿ ಹೋಗುತ್ತದೆ. ಮೊದಲು ವಡೆಯನ್ನು ಮುರಿದು ಅದ್ದಿಕೊಂಡು ತಿನ್ನಿ, ಇಡ್ಲಿಗೆ ಅವಸರವಿಲ್ಲ. ಹಿಟ್ಟು ಹೊಸದಾಗಿ ರುಬ್ಬಿದ್ದೋ ಅಲ್ಲವೋ ಎಂಬುದು ಯಾವ ಹೋಟೆಲಿನಲ್ಲಾದರೂ ವಡೆಯಲ್ಲೇ ಗೊತ್ತಾಗುತ್ತದೆ: ಉದ್ದಿನ ಹಿಟ್ಟು ಹುಳಿ ಬಂದರೆ ವಡೆ ಎಣ್ಣೆ ಕುಡಿಯುತ್ತದೆ, ಬೆರಳಿಗೆ ಜಿಡ್ಡು ಮೆತ್ತುತ್ತದೆ. ಇಲ್ಲಿ ಆ ತೊಂದರೆ ಇಲ್ಲ. ಖಾರಾಬಾತು, ಕೇಸರಿಬಾತು ಎರಡೂ ಬೇಕಾದರೆ ಚೌಚೌ ಬಾತ್ ಅಂತ ಕೇಳುವುದು ಈ ಊರಿನ ರೂಢಿ. ಮೊಣಕಾಲು ನೋವಿರುವ ಹಿರಿಯರನ್ನು ಕರೆತರುವವರು ಮಾತ್ರ ನಿಂತೇ ತಿನ್ನಬೇಕೆಂಬುದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ಲಾಲ್‌ಬಾಗ್ ರಸ್ತೆಯ ಎಂಟಿಆರ್, 1924ರದು. ಲೆಕ್ಕಕ್ಕೆ ಬಸವನಗುಡಿಯ ಅಂಚಿನಾಚೆ, ಆದರೆ ಈ ಸುತ್ತಾಟದಲ್ಲಿ ಅದನ್ನು ಬಿಡಲಾಗುವುದಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವ ಬಂದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದ್ದು ಇಲ್ಲೇ ಎನ್ನುತ್ತಾರೆ. ಅದನ್ನೇ ತರಿಸಿಕೊಳ್ಳಿ. ಜೊತೆಗೆ ಆಲೂಗೆಡ್ಡೆ ಸಾಗು, ಚಟ್ನಿ, ತುಪ್ಪ ಬರುತ್ತವೆ. ತುಪ್ಪವನ್ನು ಇಡ್ಲಿ ಮುರಿದ ಮೇಲೆ ಬಿಸಿ ಒಳಭಾಗಕ್ಕೆ ಹಾಕಿ, ಮೇಲಿನಿಂದ ಸುರಿದರೆ ಅರ್ಧ ತಟ್ಟೆಗೆ ಹೋಗುತ್ತದೆ. ರವೆ ಇಡ್ಲಿಗೆ ಅಕ್ಕಿ ಇಡ್ಲಿಯ ಹಾಗೆ ರಾತ್ರಿಯಿಡೀ ಹುದುಗು ಬರುವುದಿಲ್ಲ. ಮೊಸರಿನ ಹುಳಿಗೆ ಸೋಡಾ ಸೇರಿದಾಗ ಏಳುವ ಗುಳ್ಳೆಗಳೇ ಅದನ್ನು ಉಬ್ಬಿಸುವುದು, ಹಿಟ್ಟು ಕಲಸಿ ಬಹಳ ಹೊತ್ತು ಬಿಟ್ಟರೆ ಗಟ್ಟಿಯಾಗುತ್ತದೆ. ಬೆಂದ ಮೇಲೂ ಆರಿದರೆ ಪುಡಿಪುಡಿಯಾಗುತ್ತದೆ. ಗಿರಾಕಿ ಜಾಸ್ತಿ ಇರುವ ಕಡೆ ಅದು ಚೆನ್ನಾಗಿರುವುದಕ್ಕೆ ಇದೂ ಒಂದು ಕಾರಣ: ಮಾಡಿದ್ದು ಮಾಡಿದ ಹಾಗೇ ಖರ್ಚಾಗುತ್ತದೆ.

ಮಧ್ಯಾಹ್ನದ ಊಟ ಎಂಟಿಆರ್‌ನಲ್ಲಿ ದೊಡ್ಡದು, ಒಂದರ ಹಿಂದೆ ಒಂದು ಬಡಿಸುತ್ತ ಬರುತ್ತಾರೆ. ಬೆಳಿಗ್ಗೆ ತಿಂಡಿ ಗಟ್ಟಿಯಾಗಿ ಮಾಡಿ ಅದೇ ದಿನ ಈ ಊಟಕ್ಕೆ ಹೋಗಬೇಡಿ, ಸಿಹಿ ಬರುವ ಹೊತ್ತಿಗೇ ಕೈ ಸೋತಿರುತ್ತದೆ.

ಕಾಫಿಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಈ ಭಾಗದಲ್ಲಿ ಕೆಟ್ಟ ಕಾಫಿ ಸಿಗುವುದೇ ಅಪರೂಪ, ಆದರೂ ಒಂದೇ ಹೋಟೆಲಿನಲ್ಲಿ ಬೆಳಗಿನ ಕಾಫಿಗೂ ಹನ್ನೊಂದರ ಕಾಫಿಗೂ ವ್ಯತ್ಯಾಸವಿರುತ್ತದೆ. ಡಿಕಾಕ್ಷನ್ ಇಳಿಸಿ ಹೊತ್ತಾದಷ್ಟೂ ಪರಿಮಳ ಹೋಗಿ ಕಹಿ ಉಳಿಯುತ್ತದೆ, ಮತ್ತೆ ಮತ್ತೆ ಬಿಸಿ ಮಾಡಿದರೆ ಇನ್ನೂ ಹಾಳು. ಚಿಕೋರಿ ಬಣ್ಣವನ್ನೂ ಮಂದತನವನ್ನೂ ಕೊಡುತ್ತದೆ, ಘಮ ಕೊಡುವುದಿಲ್ಲ. ಕಪ್ಪಗಿದ್ದ ಮಾತ್ರಕ್ಕೆ ಸ್ಟ್ರಾಂಗ್ ಅಂತ ತಿಳಿಯಬೇಡಿ. ಹೇಳುವಾಗ ಸ್ಪಷ್ಟವಾಗಿ ಹೇಳಿ: ಸ್ಟ್ರಾಂಗ್ ಅಂದರೆ ಡಿಕಾಕ್ಷನ್ ಜಾಸ್ತಿ, ಲೈಟ್ ಅಂದರೆ ಹಾಲು ಜಾಸ್ತಿ. ಸಕ್ಕರೆ ಕಡಿಮೆ ಬೇಕಾದರೆ ಮೊದಲೇ ತಿಳಿಸಿ, ಎಷ್ಟೋ ಕಡೆ ಸಕ್ಕರೆ ಬೆರೆಸಿಯೇ ಕೊಡುತ್ತಾರೆ. ಎರಡು ಮೂರು ಹೋಟೆಲು ಸುತ್ತುವವರಿಗೆ ಬೈಟು ಕಾಫಿಯೇ, ಅಂದರೆ ಒಂದನ್ನು ಇಬ್ಬರು ಹಂಚಿಕೊಳ್ಳುವುದೇ ಸರಿ, ಪೂರ್ತಿ ಲೋಟ ಮೂರು ಕಡೆ ಕುಡಿದರೆ ಮಧ್ಯಾಹ್ನ ಎದೆ ಉರಿಯುತ್ತದೆ. ಗಾಂಧಿ ಬಜಾರಿನಲ್ಲಿ ಕಾಫಿಪುಡಿ ಕೊಳ್ಳುವವರು ಕಣ್ಣೆದುರೇ ಬೀಸಿಸಿ, ಚಿಕೋರಿ ಎಷ್ಟು ಪಾಲು ಎಂಬುದನ್ನು ಕೇಳಿ ಹಾಕಿಸಿ. ಒಂದು ಸಲಕ್ಕೆ ಕಾಲು ಕಿಲೋ ಸಾಕು. ಬೀಸಿದ ಪುಡಿ ವಾರ ಹತ್ತು ದಿನಕ್ಕೆಲ್ಲ ಘಮ ಕಳೆದುಕೊಳ್ಳಲು ಶುರುಮಾಡುತ್ತದೆ, ಒಂದು ಕಿಲೋ ತಂದಿಟ್ಟರೆ ಕೊನೆಗೆ ಉಳಿಯುವುದು ಬಣ್ಣದ ನೀರು.

ಮಸಾಲೆ ಬೇಡ, ಮೆತ್ತಗಿನ ಖಾಲಿ ದೋಸೆ ಸಾಕು ಎನ್ನುವವರಿಗೆ ಡಿವಿಜಿ ರಸ್ತೆಯ ಮಹಾಲಕ್ಷ್ಮಿ ಟಿಫಿನ್ ರೂಮ್ ಇದೆ. ಮಧ್ಯಾಹ್ನಕ್ಕೆ ಉತ್ತರ ಕರ್ನಾಟಕದ ಊಟ ಬೇಕಾದರೆ ಕಾಮತ್ ಬ್ಯೂಗಲ್ ರಾಕ್. ಜೋಳದ ರೊಟ್ಟಿ ಬಿಸಿಯಾಗಿ ತಟ್ಟೆಗೆ ಬಿದ್ದ ಕೂಡಲೇ ಎಣ್ಣೆಗಾಯಿಯ ಜೊತೆ ತಿನ್ನಬೇಕು, ಜೋಳದಲ್ಲಿ ಗೋಧಿಯ ಅಂಟು ಇಲ್ಲದ್ದರಿಂದ ಆರಿದ ರೊಟ್ಟಿ ಬೇಗ ಬಿರುಸಾಗುತ್ತದೆ. ಎರಡು ಒಟ್ಟಿಗೆ ಹಾಕಿಸಿಕೊಳ್ಳದೆ ಒಂದೊಂದಾಗಿ ಕೇಳಿ.

ಮನೆಗೆ ಒಯ್ಯುವ ಕುರುಕಲಿಗೆ ಗಾಂಧಿ ಬಜಾರಿನ ಸುಬ್ಬಮ್ಮನ ಅಂಗಡಿ. 1948ರಿಂದ ಇರುವ ಪುಟ್ಟ ಮಳಿಗೆ, ಹಪ್ಪಳದಿಂದ ಶುರುವಾದದ್ದು. ಕೋಡುಬಳೆ, ಚಕ್ಕುಲಿ, ನಿಪ್ಪಟ್ಟು, ಚಟ್ನಿಪುಡಿ ಎಲ್ಲವೂ ಸಿಗುತ್ತವೆ. ಯುಗಾದಿ, ಗೌರಿ ಗಣೇಶ ಹಬ್ಬದ ಹಿಂದಿನ ದಿನ ಆ ಬೀದಿಗೆ ಹೋಗಲೇಬೇಡಿ, ಹೂವು ಹಣ್ಣು ಕೊಳ್ಳುವವರ ನಡುವೆ ಕಾಲಿಡಲೂ ಜಾಗವಿರುವುದಿಲ್ಲ. ಕುರುಕಲು ಯಾವ ಅಂಗಡಿಯದ್ದಾದರೂ ಮನೆಗೆ ಬಂದ ಕೂಡಲೇ ಡಬ್ಬಿಗೆ ಹಾಕಿ. ಮಳೆಗಾಲದಲ್ಲಿ ಪೊಟ್ಟಣ ತೆರೆದು ಒಂದು ಸಂಜೆ ಬಿಟ್ಟರೂ ಕೋಡುಬಳೆ ಮೆತ್ತಗಾಗುತ್ತದೆ. ಸಣ್ಣ ಉರಿಯಲ್ಲಿ ಬಾಣಲೆಯಲ್ಲಿ ಒಂದೆರಡು ನಿಮಿಷ ಬೆಚ್ಚಗೆ ಮಾಡಿ ಆರಿಸಿದರೆ ಗರಿ ಮರಳುತ್ತದೆ.

ಸಂಜೆಗೆ ವಿವಿ ಪುರಂ. ಸಜ್ಜನ್ ರಾವ್ ವೃತ್ತದ ಪಕ್ಕದ ತಿಂಡಿ ಬೀದಿ ಹೊತ್ತು ಮುಳುಗುವಾಗ ಬಿಸಿಯೇರುತ್ತದೆ. ಆರೂವರೆಗೆ ಹೋದರೆ ನಡೆಯಲು ಜಾಗ, ಎಂಟರ ಮೇಲೆ, ಅದರಲ್ಲೂ ಶನಿವಾರ ಭಾನುವಾರ, ಭುಜಕ್ಕೆ ಭುಜ ತಾಗುತ್ತದೆ. ಕಾರು ತರಲೇಬೇಡಿ. ಹಸಿರು ಮಾರ್ಗದ ನ್ಯಾಷನಲ್ ಕಾಲೇಜು ಮೆಟ್ರೊ ನಿಲ್ದಾಣದಲ್ಲಿ ಇಳಿದರೆ ನಡಿಗೆಯ ದೂರ.

ಮೊದಲು ಬೀದಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮ್ಮನೆ ನಡೆಯಿರಿ, ಆಮೇಲೆ ತಿನ್ನಿ. ಬಜ್ಜಿ ಕೊಳ್ಳುವ ಮುನ್ನ ಬಾಣಲೆಯೊಳಗೆ ಇಣುಕಿ: ಎಣ್ಣೆ ಕಪ್ಪಾಗಿ, ಮೇಲೆ ಬಿಡದೆ ನೊರೆ ಕಟ್ಟುತ್ತಿದ್ದರೆ ಮುಂದಕ್ಕೆ ಹೋಗಿ. ಹೋಳಿಗೆ ಕಾವಲಿಯಿಂದ ನೇರ ಎಲೆಗೆ ಬೀಳುವ ಕಡೆ ನಿಲ್ಲಿ. ಕಣಕ ತೆಳ್ಳಗಿದ್ದು ಹೂರಣ ಅಂಚಿನವರೆಗೂ ಹರಡಿರಬೇಕು, ಅಂಚಿನಲ್ಲಿ ಬರೀ ಮೈದಾ ಸಿಕ್ಕರೆ ಲಟ್ಟಿಸಿದವರ ಕೈ ಅವಸರದ್ದು. ಬೆಂಗಳೂರಿನ ಮಸಾಲೆ ಪುರಿಯ ಜೀವ ಬಟಾಣಿಯ ಬಿಸಿ ಗ್ರೇವಿ, ಪಾತ್ರೆಯಿಂದ ಹಬೆ ಏಳದಿದ್ದರೆ ಬೇಡ. ಪಾನಿಪೂರಿಯನ್ನು ಮಳೆಗಾಲದಲ್ಲಿ ಬಿಡುವುದು ಒಳ್ಳೆಯದು, ಅದರ ನೀರು ಕುದಿಸಿದ್ದಲ್ಲ. ಐಸ್‌ಕ್ರೀಂ, ಹಣ್ಣು ಸೇರಿಸಿ ಕೊಡುವ ಗುಲ್ಕನ್ ಕೊನೆಗಿರಲಿ, ಮೊದಲೇ ತಿಂದರೆ ಮುಂದಿನದ್ದೆಲ್ಲ ಸಪ್ಪೆ. ಪ್ರತಿಯೊಂದನ್ನೂ ಮೂವರಿಗೆ ಒಂದು ಪ್ಲೇಟಿನಂತೆ ಹಂಚಿಕೊಂಡರೆ ಐದಾರು ಅಂಗಡಿ ಮುಗಿಸಬಹುದು. ಅಲ್ಲೇ ಇರುವ ವಿಬಿ ಬೇಕರಿಯಲ್ಲಿ ಖಾರಾ ಬನ್ನು, ಕಾಂಗ್ರೆಸ್ ಕಡಲೆಕಾಯಿ ಕೊಳ್ಳಿ. ಬೆಣ್ಣೆ ಸವರಿದ ಬನ್ನಿನ ನಡುವೆ ಈ ಖಾರದ ಕಡಲೆಕಾಯಿ ತುಂಬಿದ ಕಾಂಗ್ರೆಸ್ ಬನ್ನನ್ನು ಅಲ್ಲೇ ನಿಂತು ತಿನ್ನಬೇಕು, ಮನೆಗೆ ಒಯ್ದರೆ ಬೆಣ್ಣೆಯ ತೇವಕ್ಕೆ ಕಡಲೆಕಾಯಿ ಮೆತ್ತಗಾಗುತ್ತದೆ.

ಡಿಸೆಂಬರ್, ಜನವರಿಯಲ್ಲಿ ಬರುವವರು ಅವರೆಕಾಯಿ ಬಿಟ್ಟು ಬೇರೇನೂ ಕೇಳಬೇಡಿ. ವಾಸವಿ ಕಾಂಡಿಮೆಂಟ್ಸ್‌ನವರು ಸಜ್ಜನ್ ರಾವ್ ವೃತ್ತದಲ್ಲಿ ನಡೆಸುತ್ತಿದ್ದ ಅವರೆಬೇಳೆ ಮೇಳ ಈಚೆಗೆ ನ್ಯಾಷನಲ್ ಕಾಲೇಜು ಮೈದಾನಕ್ಕೆ ಬಂದಿದೆ. ಹಿತಕಿದ ಬೇಳೆಯ ದೋಸೆ, ಅವರೆಕಾಳಿನ ಅಕ್ಕಿ ರೊಟ್ಟಿ, ಉಪ್ಪಿಟ್ಟು ಮೊದಲು ತಿನ್ನಿ, ಜಿಲೇಬಿ, ಐಸ್‌ಕ್ರೀಂ ತರದ ಪ್ರಯೋಗಗಳು ಆಮೇಲೆ. ಕಾಯಿ ಕೊಳ್ಳುವುದಾದರೆ ಸಿಪ್ಪೆ ಮುಟ್ಟಿದ ಕೈಯನ್ನು ಮೂಸಿ ನೋಡಿ, ಸೊಗಡು ಅಂಟಿಕೊಂಡಿರಬೇಕು. ಅದಕ್ಕೂ ಮುಂಚೆ, ಕಾರ್ತಿಕದ ಕೊನೆಯ ಸೋಮವಾರ, ದೊಡ್ಡ ಬಸವಣ್ಣನ ಗುಡಿಯ ಸುತ್ತ ಕಡಲೆಕಾಯಿ ಪರಿಷೆ. ಕಿವಿಯ ಹತ್ತಿರ ಅಲ್ಲಾಡಿಸಿದಾಗ ಗಲಗಲ ಅನ್ನುವ ಕಾಯಿ ಒಣಗಿದ್ದು, ಹುರಿಯಲು ಒಳ್ಳೆಯದು. ಸದ್ದು ಮಾಡದ, ಕೈಗೆ ಭಾರವೆನಿಸುವ ಹಸಿ ಕಾಯಿ ಬೇಯಿಸಲಿಕ್ಕೆ. ಪರಿಷೆ ಸೋಮವಾರಕ್ಕೇ ಬೀಳುವುದರಿಂದ ಅವತ್ತು ಎಂಟಿಆರ್ ಲೆಕ್ಕದಿಂದ ತೆಗೆದುಬಿಡಿ. ಬೆಳಗಿನ ತಿಂಡಿಯನ್ನು ಗಾಂಧಿ ಬಜಾರಿನಲ್ಲಿ ಬೇಗ ಮುಗಿಸಿ ಬುಲ್ ಟೆಂಪಲ್ ರಸ್ತೆಗೆ ನಡೆದುಬಿಡಿ, ಹತ್ತು ಗಂಟೆಯ ಮೇಲೆ ಆ ಕಡೆ ಆಟೋ ಬರಲು ಒಪ್ಪುವುದು ಕಷ್ಟ.