ಶಿವಮೊಗ್ಗದ ಒಬ್ಬ ಲೇಬರ್ ಕನ್ಸಲ್ಟೆಂಟ್: ಮೆಮೊ ಬರೆಸಿದವಳ ಅನುಭವ

ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಹೋಗಿದ್ದು ಅವರ ಫೋನಿನಿಂದ. ಎತ್ತುವುದೇ ಇಲ್ಲ. ಮೆಸೇಜ್ ಹಾಕಿದರೆ ನೋಡುತ್ತಾರೆ, ಉತ್ತರ ಮಾತ್ರ ಮರುದಿನ.

ಹೆಸರು ಹಾಕುತ್ತಿಲ್ಲ. ಹಾಕಿದರೆ ಅವರ ಗಿರಾಕಿ ಯಾರು, ಅಂಗಡಿ ಯಾವುದು, ಮೆಕ್ಯಾನಿಕ್ ಯಾರು ಅಂತ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ನಮ್ಮ ಊರು ಅಷ್ಟೇ ಅಲ್ವಾ.

ನಾನು ಸ್ಪ್ರೇಯರ್, ಪಂಪ್‌ಸೆಟ್ ಮಾರಿ ರಿಪೇರಿಯನ್ನೂ ಮಾಡುವ ಅಂಗಡಿಯ ಮ್ಯಾನೇಜರ್. ಮೇ ಬಂತೆಂದರೆ ತೀರ್ಥಹಳ್ಳಿ, ಹೊಸನಗರದ ಕಡೆಯ ಅಡಿಕೆ ಬೆಳೆಗಾರರೆಲ್ಲ ಪಂಪು ಹೊತ್ತುಕೊಂಡು ಬರುತ್ತಾರೆ. ಮಳೆ ಹಿಡಿಯುವ ಮೊದಲು ಒಂದು ಸಲ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಹೊಡೆಯಬೇಕು, 40-45 ದಿನಕ್ಕೆ ಇನ್ನೊಂದು ಸಲ. ಆ ಹೊತ್ತಿಗೆ ಪಂಪು ನಮ್ಮ ಅಂಗಡಿಯಲ್ಲಿ ಮಲಗಿದ್ದರೆ ತೋಟದಲ್ಲಿ ಕೊಳೆರೋಗ. ನಮ್ಮ ಹಿರಿಯ ಮೆಕ್ಯಾನಿಕ್ ಕೆಲಸ ಎಳೆಯುವುದು ಸಣ್ಣ ವಿಷಯ ಆಗಿರಲಿಲ್ಲ.

ಕೈ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಜಾಬ್ ಕಾರ್ಡ್, ಅಂದರೆ ರಿಪೇರಿಗೆ ಬಂದ ಒಂದೊಂದು ಪಂಪಿನ ಚೀಟಿ, ರಾಶಿ ಬೀಳುತ್ತಿತ್ತು. ಕೇಳಿದರೆ ಗಿರಾಕಿಗಳ ಎದುರೇ, "ಪಂಪಿನ ತಲೆಬುಡ ಗೊತ್ತಾ ಮೇಡಂ ನಿಮಗೆ?" ನನ್ನ ಮಾತು ಕೇಳಬೇಡಿ ಅಂತ ಹೆಲ್ಪರ್ ಹುಡುಗರಿಗೂ ಹೇಳಿಟ್ಟಿದ್ದರು. ನಮ್ಮ ಓನರ್ ಒಂದು ದಿನ "ನಾಳೆಯಿಂದ ಬರೋದು ಬೇಡ ಅನ್ನು" ಅನ್ನುತ್ತಿದ್ದರು, ಇನ್ನೊಂದು ದಿನ "ಹಳಬರು, ಹೊಂದ್ಕೊಂಡು ಹೋಗಮ್ಮ" ಅನ್ನುತ್ತಿದ್ದರು. ಕೊನೆಗೆ ನಮ್ಮ ಪಿಎಫ್, ಇಎಸ್‌ಐ ನೋಡುವ ಈ ಕನ್ಸಲ್ಟೆಂಟ್ ಹತ್ತಿರ ಹೋದೆ.

ನಾನು ಬರೆದುಕೊಂಡು ಹೋಗಿದ್ದ ದೂರನ್ನು ಓದಿ ಪೆನ್ನು ತೆಗೆದರು. ಸೊಕ್ಕು, ಸೋಮಾರಿತನ, ಮರ್ಯಾದೆ ಇಲ್ಲ, ಎಲ್ಲದಕ್ಕೂ ಗೀಟು. "ಇದು ನಿಮ್ಮ ಅಭಿಪ್ರಾಯ. ಅವರು ಏನಂದ್ರು, ಯಾವತ್ತು, ಯಾರೆದುರು ಅಂದ್ರು, ಅದನ್ನ ಬರೀರಿ" ಅಂದರು. ಕೆಲಸದ್ದು ಒಂದು ಹಾಳೆ, ನಡತೆಯದ್ದು ಇನ್ನೊಂದು. ಎರಡನ್ನೂ ಕಲಸಿದರೆ "ಸ್ಪೇರ್ ಇರಲಿಲ್ಲ, ತಲೆ ಕೆಟ್ಟು ಬೈದೆ" ಅನ್ನುವ ಒಂದೇ ಉತ್ತರಕ್ಕೆ ಎರಡೂ ಬಿದ್ದುಹೋಗುತ್ತವಂತೆ.

ಆಮೇಲೆ ಜಾಬ್ ಕಾರ್ಡ್ ತರಿಸಿ ಒಂದೊಂದೇ ನೋಡಿದರು. ಪಂಪು ಬಂದ ದಿನ, ಸ್ಪೇರ್ ಬಂದ ದಿನ, ರೆಡಿಯಾದ ದಿನ. ಪ್ಯಾಕಿಂಗ್, ಪಿಸ್ಟನ್ ಸ್ಟಾಕ್ ಇಲ್ಲದೆ ನಿಂತ ಕೆಲಸಗಳನ್ನೆಲ್ಲ ಪಟ್ಟಿಯಿಂದ ತೆಗೆದೇಬಿಟ್ಟರು. ನನಗೆ ಸಿಟ್ಟು ಬಂತು. ಇವರು ಯಾರ ಕಡೆ? ಆದರೆ ಮುಂದೆ ಮೆಕ್ಯಾನಿಕ್ "ಸ್ಪೇರ್ ಇಲ್ದೆ ಏನ್ ಮಾಡ್ಲಿ" ಅಂದಾಗ, ಆ ಪಟ್ಟಿಯಲ್ಲಿ ಅಂಥ ಕೆಲಸ ಒಂದೂ ಇರಲಿಲ್ಲ. ಈ ಒಂದು ಕೆಲಸಕ್ಕೇ ಅವರ ಫೀಸು ಸರಿಹೋಯಿತು ಅನ್ನುತ್ತೇನೆ.

ಓನರಿಗೂ ಕೂರಿಸಿ ಹೇಳಿದರು. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ, ಆರು ತಿಂಗಳು ಸತತ ಕೆಲಸ ಮಾಡಿದವರನ್ನು ಸರಿಯಾದ ಕಾರಣವಿಲ್ಲದೆ ತೆಗೆಯುವ ಹಾಗಿಲ್ಲ. ಕಾರಣ ಇದ್ದರೂ ಒಂದು ತಿಂಗಳ ನೋಟಿಸ್ ಅಥವಾ ಅಷ್ಟು ಸಂಬಳ ಕೊಡಬೇಕು. ದುರ್ನಡತೆ ಅಂತ ನೋಟಿಸ್ ಇಲ್ಲದೆ ತೆಗೆಯಬೇಕಾದರೆ ವಿಚಾರಣೆ ನಡೆಸಿ ಸಾಕ್ಷಿ ದಾಖಲಿಸಿರಬೇಕು. "ನಾಳೆಯಿಂದ ಬೇಡ" ಅನ್ನುವ ಮಾತು ಅಲ್ಲಿಗೆ ನಿಂತಿತು.

ಮೆಮೊ ಅಂದರೆ ಮೆಕ್ಯಾನಿಕ್‌ಗೆ ತಪ್ಪು ತಿಳಿಸಿ ಉತ್ತರ ಕೇಳುವ ಪತ್ರ. ಅದರ ಮೊದಲ ಕರಡು ಕೋರ್ಟ್ ಭಾಷೆಯಲ್ಲಿತ್ತು. ಸದರಿ, ಮೇಲ್ಕಂಡ, ಕರ್ತವ್ಯಲೋಪ. ಓದಿದವರಿಗೆ ಅರ್ಥ ಆಗಬೇಕು ಸಾರ್ ಅಂತ ಗಂಟುಬಿದ್ದೆ. ಗೊಣಗುತ್ತಲೇ ಸರಳ ಮಾಡಿಕೊಟ್ಟರು. ಪಂಪು ಬಂದ ಮೂರು ದಿನದೊಳಗೆ ಬಿಚ್ಚಿ ನೋಡಿ ಎಸ್ಟಿಮೇಟ್ ಬರೆಯಬೇಕು, ಗಿರಾಕಿಗಳ ಎದುರು ಯಾರಿಗೂ ಬೈಯಬಾರದು, ಪ್ರತಿ ಶನಿವಾರ ಸಂಜೆ ಕೂತು ಕಾರ್ಡ್ ನೋಡುವುದು. ಬೆದರಿಕೆಯ ಮಾತು ಒಂದೂ ಇಲ್ಲ. ಹುಡುಗರ ಎದುರು ಕೊಡಬೇಡಿ, ಒಳಗೆ ಕರೆದು ಕೊಡಿ ಅಂದರು. ಮೆಕ್ಯಾನಿಕ್ ತೆಗೆದುಕೊಳ್ಳಲಿಲ್ಲ. ಅದಕ್ಕೂ ದಾರಿ ಹೇಳಿಟ್ಟಿದ್ದರು: ವಾದ ಮಾಡಬೇಡಿ, "ನಿರಾಕರಿಸಿದರು" ಅಂತ ಬರೆದು ಅಲ್ಲಿದ್ದ ಇಬ್ಬರ ಸಹಿ ಹಾಕಿಸಿ, ಮನೆ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಿ.

ಉತ್ತರ ಬಂತು. ಪುಟ ತುಂಬ ಸಿಟ್ಟು. ಅದರ ನಡುವೆ ಒಂದು ನಿಜವೂ ಇತ್ತು: ಸೀಸನ್‌ನಲ್ಲಿ ಅವರ ಹೆಲ್ಪರನ್ನು ಕೌಂಟರಿಗೆ ಎಳೆದುಕೊಳ್ಳುತ್ತಾರೆ ಅಂತ. ಆ ಹುಡುಗನನ್ನು ವಾಪಸ್ ಕೊಡಿಸಿದೆ. ಈಗ ಕಾರ್ಡ್‌ಗಳು ಸರಿಯುತ್ತಿವೆ, ಗಿರಾಕಿಗಳ ಎದುರು ಕೂಗಾಟ ಇಲ್ಲ. ನನ್ನ ಜೊತೆ ಮಾತ್ರ ಬೇಕಾದಷ್ಟೇ ಮಾತು. ಅದನ್ನೂ ಸರಿಮಾಡಿಸಿ ಅಂತ ಹೋದರೆ ಕನ್ಸಲ್ಟೆಂಟ್ ನಕ್ಕುಬಿಟ್ಟರು. "ಮುಖ ಗಂಟು ಹಾಕ್ಕೊಂಡಿದ್ದಕ್ಕೆಲ್ಲ ಮೆಮೊ ಕೊಡೋಕಾಗಲ್ಲಮ್ಮ."

ಹೆದರಿಸಿ ಓಡಿಸುವವರು ಬೇಕಾದರೆ ಇವರಲ್ಲಿಗೆ ಹೋಗಬೇಡಿ. ಪಿಎಫ್, ಇಎಸ್‌ಐ ಅವರ ಹತ್ತಿರವೇ ಇದ್ದರೆ ಮೆಮೊಗೆ ಬೇರೆ ಹಣ ಕೇಳುವುದಿಲ್ಲ. ವಿಚಾರಣೆಗೆ ಹೋದರೆ ಫೀಸು ಬೇರೆ. ಆರೋಪ ಬರೆದುಕೊಟ್ಟವರೇ ವಿಚಾರಣೆಗೆ ಕೂರಬಾರದು ಅಂತ ಅದಕ್ಕೆ ಬೇರೆ ವಕೀಲರನ್ನು ಹೇಳುತ್ತಾರೆ. ನೇಮಕಾತಿ ಪತ್ರ, ಹಾಜರಿ ಪುಸ್ತಕ ತೆಗೆದುಕೊಂಡು ಹನ್ನೊಂದರೊಳಗೆ ಹೋಗಿ. ಲೇಬರ್ ಆಫೀಸಿಗೆ ಹೊರಟರೆಂದರೆ ಆವತ್ತಿಗೆ ಸಿಗುವುದಿಲ್ಲ.