‘ವಾರದಲ್ಲಿ 10 ಸಾವಿರ ಫಾಲೋವರ್ಸ್’ ಅಂತ ಫೋನ್ ಬಂದರೆ ಪಾಸ್‌ವರ್ಡ್ ಕೊಡಬೇಡಿ

ಹಸೆ ಚಿತ್ತಾರ, ಕಾವಿ ಕಲೆ, ಯಕ್ಷಗಾನದ ವೇಷಗಳ ಚಿತ್ರ ಮಾಡಿ ಇನ್‌ಸ್ಟಾಗ್ರಾಂನಲ್ಲಿ ಮಾರುವವರು ಘಟ್ಟದ ಮೇಲೂ ಇದ್ದಾರೆ, ಕೆಳಗೂ ಇದ್ದಾರೆ. ಈ ಬರಹ ಅವರಿಗಾಗಿ. ಸಿದ್ದಾಪುರ ಕಡೆಯ ಹಸೆ ಚಿತ್ತಾರದ ಪುಟವೊಂದು ಮಳೆಗಾಲದಲ್ಲಿ ಕೆಲವೇ ದಿನದಲ್ಲಿ ಕೈತಪ್ಪಿ ಹೋಯಿತು. ಅದು ಹೇಗೆ ಹೋಯಿತು ಅನ್ನುವುದನ್ನು ಕಲಾವಿದೆಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ. ಹೆಸರು ಬೇಡ ಅಂದಿದ್ದಾರೆ, ಹಾಕಿಲ್ಲ.

ಆ ಪುಟಕ್ಕೆ ಮೂರು ವರ್ಷದಲ್ಲಿ ಸೇರಿದ್ದವರು ಸುಮಾರು 600 ಜನ. ಒಂದು ಪೋಸ್ಟ್ ಹಾಕಿದರೆ 60 ಜನ ಸ್ಪಂದಿಸುತ್ತಿದ್ದರು, ತಿಂಗಳಿಗೆ ಮೂರೋ ನಾಲ್ಕೋ ಚಿತ್ತಾರ ಮಾರಾಟವಾಗುತ್ತಿತ್ತು. ಅತಿ ಹೆಚ್ಚು ಜನ ನೋಡಿದ್ದು 20 ಸೆಕೆಂಡಿನ ಒಂದು ರೀಲ್: ಪುಂಡಿ ನಾರಿನ ಕುಂಚವನ್ನು ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಅದ್ದಿ ಕೆಮ್ಮಣ್ಣು ಬಳಿದ ಹಲಗೆಯ ಮೇಲೆ ಗೆರೆ ಎಳೆಯುವುದು. ಹಸಿ ಗೆರೆ ಮೊದಲು ಮಸುಕಾಗಿ ಕಾಣುತ್ತದೆ, ಆರುತ್ತಾ ಆರುತ್ತಾ ಬೆಳ್ಳಗಾಗುತ್ತದೆ. ಅದನ್ನು ನೋಡಲೆಂದೇ ಜನ ಕೊನೆಯವರೆಗೆ ನಿಂತರು. 600 ಜನರ ಇಂಥ ಪುಟ ಚೆನ್ನಾಗಿ ನಡೆಯುತ್ತಿರುವ ಅಂಗಡಿಯೇ ಸರಿ. ಇದನ್ನು ಅವರಿಗೆ ಆಗ ಯಾರೂ ಹೇಳಲಿಲ್ಲ.

ಫೋನ್ ಮಾಡಿದವನು ಹೇಳಿದ್ದು ಬೇರೆ: ‘ಮೇಡಂ, ಕಲೆ ಚೆನ್ನಾಗಿದೆ, ಫಾಲೋವರ್ಸ್ ಕಡಿಮೆ ಆಯ್ತು. 1,999 ಕೊಡಿ, ವಾರದಲ್ಲಿ 10 ಸಾವಿರ ಮಾಡಿಕೊಡ್ತೇವೆ.’ ಹಣ ಹೋಯಿತು, ಫಾಲೋವರ್ಸ್ ನಿಜವಾಗಿಯೂ ಬಂದರು. ಮೋಸ ಅಡಗಿದ್ದದ್ದೇ ಅಲ್ಲಿ. ಬಂದ ಖಾತೆಗಳಲ್ಲಿ ಹೆಚ್ಚಿನವಕ್ಕೆ ಫೋಟೊ ಇಲ್ಲ, ಪೋಸ್ಟ್ ಇಲ್ಲ, ಹೆಸರಿನ ತುದಿಗೆ ಐದಾರು ಅಂಕಿ. ಲೆಕ್ಕ ಹಾಕಿ ನೋಡಿ. ಮೊದಲು 600ರಲ್ಲಿ 60 ಅಂದರೆ ನೂರಕ್ಕೆ ಹತ್ತು. ಈಗ 10,600ರಲ್ಲಿ ಅದೇ 60, ನೂರಕ್ಕೆ ಒಂದೂ ಇಲ್ಲ. ಇನ್‌ಸ್ಟಾಗ್ರಾಂ ಯಾವ ಪೋಸ್ಟನ್ನೂ ಎಲ್ಲ ಫಾಲೋವರ್‌ಗಳಿಗೆ ತೋರಿಸುವುದಿಲ್ಲ. ತೋರಿಸಿದವರು ನಿಂತು ನೋಡಿದರೋ, ಸೇವ್ ಮಾಡಿದರೋ, ಬೇರೆಯವರಿಗೆ ಕಳಿಸಿದರೋ ಅಂತ ಗಮನಿಸಿಕೊಂಡು ಮುಂದಕ್ಕೆ ಒಯ್ಯುತ್ತದೆ. ಸತ್ತ ಖಾತೆಗಳು ಏನನ್ನೂ ನೋಡುವುದಿಲ್ಲ. ಹಾಗಾಗಿ ಪೋಸ್ಟು ಬೆಂಗಳೂರು, ಮುಂಬೈಯ ನಿಜವಾದ ಗಿರಾಕಿಗಳಿಗೂ ತಲುಪದೆ ಉಳಿಯಿತು. ಎರಡು ವಾರದಲ್ಲಿ ಲೈಕು 60ರಿಂದ 15ಕ್ಕೆ ಇಳಿಯಿತು, ಆರ್ಡರ್ ನಿಂತಿತು.

ಅದೇ ವ್ಯಕ್ತಿ ಮತ್ತೆ ಫೋನ್ ಮಾಡಿದ. ‘ರೀಚ್ ಬಿದ್ದಿದೆ, ನಮ್ಮ ಟೂಲ್‌ಗೆ ನಿಮ್ಮ ಅಕೌಂಟ್ ಜೋಡಿಸಿದರೆ ಸರಿ ಆಗ್ತದೆ.’ ಪಾಸ್‌ವರ್ಡ್ ಕೇಳಿದ, ಕೊಟ್ಟರು. ‘ಈಗೊಂದು ಆರಂಕಿ ಬರ್ತದೆ, ಓದಿ ಹೇಳಿ’ ಅಂದ, ಹೇಳಿದರು. ಆಮೇಲೆ ಹತ್ತು ನಿಮಿಷವೂ ಹಿಡಿಯಲಿಲ್ಲ. ಖಾತೆಯ ಇಮೇಲ್ ಬದಲಾಯಿತು, ಫೋನ್ ನಂಬರ್ ಬದಲಾಯಿತು, ಎರಡು ಹಂತದ ದೃಢೀಕರಣ (ಪಾಸ್‌ವರ್ಡ್ ಜೊತೆಗೆ ಇನ್ನೊಂದು ಸಂಖ್ಯೆಯನ್ನೂ ಕೇಳುವ ಬೀಗ) ಅವನ ಮೊಬೈಲಿಗೆ ಹೋಯಿತು. ಮರುದಿನ ಪುಟದ ಸ್ಟೋರಿಯಲ್ಲಿ ಕ್ರಿಪ್ಟೊ ಹೂಡಿಕೆಯ ಜಾಹೀರಾತು. ಅದಕ್ಕಿಂತ ಕೆಟ್ಟದ್ದೆಂದರೆ ಹಳೇ ಗಿರಾಕಿಗಳಿಗೆ ಕಲಾವಿದೆಯ ಹೆಸರಿನಲ್ಲೇ ‘ತುರ್ತಿದೆ, 5,000 ಕಳಿಸಿ’ ಎಂಬ ಸಂದೇಶ. ಇಬ್ಬರು ಕಳಿಸಿಯೂಬಿಟ್ಟರು.

ಇಂಥದ್ದಾದರೆ ಮೊದಲು ನೋಡಬೇಕಾದ್ದು ನಿಮ್ಮ ಮೇಲ್ ಬಾಕ್ಸ್. ಖಾತೆಯ ಇಮೇಲ್ ಬದಲಾದಾಗ ಹಳೇ ವಿಳಾಸಕ್ಕೆ ಇನ್‌ಸ್ಟಾಗ್ರಾಂನಿಂದ ಒಂದು ಪತ್ರ ಬರುತ್ತದೆ. ಬದಲಾವಣೆ ನಿಮ್ಮದಲ್ಲದಿದ್ದರೆ ವಾಪಸ್ ಮಾಡುವ ಕೊಂಡಿ ಅದರಲ್ಲೇ ಇರುತ್ತದೆ. ಈ ಕಲಾವಿದೆ ಪುಟ ತೆರೆಯಲು ಮಗನ ಹಳೇ ಮೇಲ್ ಕೊಟ್ಟಿದ್ದರು, ಅದನ್ನು ಯಾರೂ ತೆರೆಯುತ್ತಿರಲಿಲ್ಲ. ಪತ್ರ ಬಂದಿತ್ತು, ನೋಡುವಷ್ಟರಲ್ಲಿ ಕೊಂಡಿ ಕೆಲಸ ಮಾಡಲಿಲ್ಲ. ಇನ್ನೊಂದು ದಾರಿ ವಿಡಿಯೊ ಸೆಲ್ಫಿ: ಇನ್‌ಸ್ಟಾಗ್ರಾಂ ನಿಮ್ಮ ಮುಖವನ್ನು ಪುಟದಲ್ಲಿರುವ ಫೋಟೊಗಳ ಜೊತೆ ಹೋಲಿಸಿ ನೋಡುತ್ತದೆ. ಪುಟದಲ್ಲಿ ಇದ್ದದ್ದು ಬರೀ ಚಿತ್ತಾರ, ಹೆಚ್ಚೆಂದರೆ ಕೈ. ಮುಖದ ಒಂದು ಫೋಟೊ ಇಲ್ಲ. ನಮ್ಮಲ್ಲಿ ಎಷ್ಟೋ ಹೆಣ್ಣುಮಕ್ಕಳು ಸಂಕೋಚಕ್ಕೆ ಮುಖ ಹಾಕುವುದಿಲ್ಲ, ಅದು ಅರ್ಥವಾಗುತ್ತದೆ. ಆದರೂ ಎರಡು ಮೂರು ಸ್ಪಷ್ಟ ಫೋಟೊ ಪುಟದಲ್ಲಿ ಇರಲಿ.

ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಹಣ ಇನ್ನೊಂದು ಖಾತೆಗೆ ಜಿಗಿಯುವ ಮುಂಚೆ ತಡೆಯಲು ಸಾಧ್ಯವಾಗುವುದು ಆ ಮೊದಲ ಗಂಟೆಗಳಲ್ಲೇ. ವ್ಯವಹಾರದ ಯುಟಿಆರ್ ಸಂಖ್ಯೆ (ಹಣ ಕಳಿಸಿದ್ದಕ್ಕೆ ಬ್ಯಾಂಕ್ ಕೊಡುವ ಗುರುತಿನ ಸಂಖ್ಯೆ), ಸಮಯ, ಸ್ಕ್ರೀನ್‌ಶಾಟ್ ಕೈಯಲ್ಲಿ ಇಟ್ಟುಕೊಂಡೇ ಫೋನ್ ಮಾಡಿ.

ಪುಟ ಇನ್ನೂ ನಿಮ್ಮ ಕೈಯಲ್ಲಿದ್ದರೆ ಇವತ್ತೇ ಮಾಡಬಹುದಾದ ಕೆಲಸ ಇದೆ. ಇನ್‌ಸ್ಟಾಗ್ರಾಂ ಸೆಟ್ಟಿಂಗ್ಸ್‌ನ ಅಕೌಂಟ್ಸ್ ಸೆಂಟರ್‌ನಲ್ಲಿ ‘ಪಾಸ್‌ವರ್ಡ್ ಆ್ಯಂಡ್ ಸೆಕ್ಯುರಿಟಿ’ ತೆರೆದು ಎರಡು ಹಂತದ ದೃಢೀಕರಣ ಹಾಕಿ. ಎಸ್ಸೆಮ್ಮೆಸ್ ಬದಲು ಫೋನಿನಲ್ಲೇ ಆ ಸಂಖ್ಯೆ ತೋರಿಸುವ ಆಥೆಂಟಿಕೇಟರ್ ಆ್ಯಪ್ ಆರಿಸಿಕೊಳ್ಳಿ. ಮಳೆಗಾಲದಲ್ಲಿ ಕರೆಂಟು ಹೋಗಿ ಟವರ್ ಸತ್ತಾಗ ಓಟಿಪಿ ಬರುವುದಿಲ್ಲ ಅನ್ನುವುದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಆಥೆಂಟಿಕೇಟರ್ ಸಂಖ್ಯೆಗೆ ನೆಟ್‌ವರ್ಕೇ ಬೇಡ. ಫೋನ್ ಕೈಯಲ್ಲಿಲ್ಲದಾಗ ಒಳಹೋಗಲು ಬೇಕಾಗುವ ಬ್ಯಾಕಪ್ ಕೋಡ್‌ಗಳನ್ನು ಕಾಗದದ ಮೇಲೆ ಬರೆದು ಮನೆಯ ಕಾಗದಪತ್ರದ ಜೊತೆ ಇಡಿ. ಪುಟ ನೋಡಿಕೊಳ್ಳಲು ಯಾರಾದರೂ ಬೇಕೇಬೇಕು ಅಂದರೆ ಇನ್‌ಸ್ಟಾಗ್ರಾಂನ ಒಡೆತನದ ಕಂಪನಿ ಮೆಟಾದ ಬಿಸಿನೆಸ್ ಸೂಟ್‌ನಲ್ಲಿ ಅವರ ಹೆಸರಿಗೆ ಸೀಮಿತ ಅನುಮತಿ ಕೊಡಬಹುದು, ಬೇಡವಾದ ದಿನ ತೆಗೆಯಬಹುದು. ಪಾಸ್‌ವರ್ಡ್ ಕೊಡುವ ಅಗತ್ಯ ಯಾವ ಕೆಲಸಕ್ಕೂ ಇಲ್ಲ. ಇನ್ನೊಂದು ಸೂಕ್ಷ್ಮ: ಪುಟ ನಿಮ್ಮ ಬಿಸಿನೆಸ್ ಪೋರ್ಟ್‌ಫೋಲಿಯೊದಲ್ಲೇ (ವ್ಯಾಪಾರದ ಪುಟಗಳನ್ನು ಒಟ್ಟಿಗೆ ಇಡುವ ಮೆಟಾ ಖಾತೆ) ಇರಬೇಕು. ಅವರದ್ದಕ್ಕೆ ಸೇರಿಸಲು ಒಪ್ಪಿದರೆ ಮೆಟಾದ ಲೆಕ್ಕದಲ್ಲಿ ಯಜಮಾನರು ಅವರೇ ಆಗುತ್ತಾರೆ.

ಕೊಂಡ ಫಾಲೋವರ್ಸ್ ಈಗಾಗಲೇ ಬಂದಿದ್ದರೆ ಪುಟದ ಅಂಕಿಅಂಶ ತೋರಿಸುವ ಇನ್‌ಸೈಟ್ಸ್‌ನಲ್ಲಿ ಫಾಲೋವರ್ಸ್ ಇರುವ ಊರುಗಳ ಪಟ್ಟಿ ನೋಡಿ. ನಿಮ್ಮ ಒಂದು ಚಿತ್ರವೂ ಹೋಗದ ದೇಶಗಳ ಊರು ಮೇಲೆ ಕೂತಿದ್ದರೆ ಪುಟ ಕೆಟ್ಟಿದೆ ಅಂತಲೇ ಅರ್ಥ. ದಿನಕ್ಕೆ 50ರಂತೆ ಕೈಯಲ್ಲೇ ತೆಗೆಯುತ್ತಾ ಬನ್ನಿ. ಬೇಸರದ ಕೆಲಸ, ಆದರೂ ಮಾಡಿ. ಬೇಗ ತೆಗೆದುಕೊಡುತ್ತೇವೆ ಅನ್ನುವ ಆ್ಯಪ್‌ಗಳೂ ಕೇಳುವುದು ಅದೇ ಪಾಸ್‌ವರ್ಡನ್ನು.

ನಿಜವಾದ ಗಿರಾಕಿ ಬರುವ ದಾರಿ ನಿಧಾನ. ಬಯೋದಲ್ಲಿ ಕಲೆಯ ಹೆಸರು, ಊರಿನ ಹೆಸರು. ಪ್ರತಿ ಪೋಸ್ಟಿನಲ್ಲಿ ಅಳತೆ, ಬೆಲೆ, ಅಂಚೆ ವೆಚ್ಚ. ‘ಬೆಲೆಗೆ ಮೆಸೇಜ್ ಮಾಡಿ’ ಅಂತ ಬರೆದರೆ ಅರ್ಧ ಜನ ಅಲ್ಲಿಂದಲೇ ಹೋಗುತ್ತಾರೆ. ಮಾರಿಕಾಂಬಾ ಜಾತ್ರೆಯಲ್ಲಿ ಮಳಿಗೆ ಹಾಕಿದರೆ, ಗೋಕರ್ಣದ ಹೋಂಸ್ಟೇಯಲ್ಲಿ ಚಿತ್ರ ತೂಗುಹಾಕಿದರೆ ಪಕ್ಕದಲ್ಲಿ ಪುಟದ ಕ್ಯೂಆರ್ ಚೀಟಿ ಅಂಟಿಸಿ. ಕಣ್ಣೆದುರು ನೋಡಿ ಸೇರಿದ ಒಬ್ಬ, ಕೊಂಡ ಸಾವಿರ ಜನಕ್ಕಿಂತ ಬೆಲೆಬಾಳುತ್ತಾನೆ.

ಎಲ್ಲಕ್ಕಿಂತ ಮುಖ್ಯವಾಗಿ, ಕೊಂಡವರ ಹೆಸರು, ನಂಬರ್, ಯಾವ ಚಿತ್ರ ಅನ್ನುವುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ವಾಟ್ಸಾಪ್‌ನ ಒಂದು ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರನ್ನು ಸೇರಿಸಬಹುದು, ಆದರೆ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. ಆದ್ದರಿಂದ ಪಾರ್ಸೆಲ್ ಜೊತೆ ‘ಈ ನಂಬರ್ ಸೇವ್ ಮಾಡಿಕೊಳ್ಳಿ’ ಎಂಬ ಚೀಟಿ ಹಾಕಿ.

ಆ ಪುಟ ಮರಳಿ ಸಿಗಲಿಲ್ಲ. ತಿಂಗಳ ನಂತರ ಬೇರೆ ನಂಬರಿನಿಂದ ಒಂದು ಕರೆ ಬಂತು: ‘ಹ್ಯಾಕ್ ಆದ ಅಕೌಂಟ್ ವಾಪಸ್ ಕೊಡಿಸ್ತೇವೆ, 3,000 ಆಗ್ತದೆ.’ ಈ ಸಲ ಅವರು ಫೋನ್ ಇಟ್ಟುಬಿಟ್ಟರು. ಅಂಚೆ ಕಚೇರಿಯ ರಸೀದಿಗಳು ಒಂದು ಡಬ್ಬಿಯಲ್ಲಿ ಉಳಿದಿದ್ದವು. ಅವುಗಳಿಂದ ವಿಳಾಸ ಹುಡುಕಿ, ಒಬ್ಬೊಬ್ಬರಿಗೇ ಕಾರ್ಡು ಬರೆದು ಹೊಸ ಪುಟದ ಹೆಸರು ತಿಳಿಸುತ್ತಿದ್ದಾರೆ.